ಮುನ್ನೂರ ನಲವತ್ತೇಳು ಜನರ ಗುಡ್ಡೆ

ಬೆಂಗಳೂರು ಯಡಿಯೂರಿನ ಗಂಗಾಧರಯ್ಯನವರು ಆ್ಯಪ್‌ಗಳ ವಿರೋಧಿಯೇ ಹೊರತು ಕಂಪ್ಯೂಟರಿನ ವಿರೋಧಿಯಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಇಲ್ಲವಾದರೆ ಅರವತ್ತಾರು ವರ್ಷ, ನಾಲ್ಕು ಬಾಡಿಗೆ ಮನೆಗಳ ಓನರ್, ಬಿಳಿ ಪಂಚೆ ಎಂದ ಕೂಡಲೇ ಓದುವವರು ‘ಪಾಪ, ಹಳೇ ಕಾಲದವರು’ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಹಾಗೆಂದವರನ್ನು ಗಂಗಾಧರಯ್ಯನವರು ಇವತ್ತಿನವರೆಗೂ ಕ್ಷಮಿಸಿಲ್ಲ.

ಅವರ ನಡುಮನೆಯಲ್ಲಿ, ದೇವರ ಗೂಡಿಗೂ ಟಿವಿಗೂ ಮಧ್ಯೆ, ಒಂದು ಕಂಪ್ಯೂಟರ್ ಇದೆ. ಮಗಳು ಸೌಮ್ಯ ಕಾಲೇಜಿಗೆ ಹೋಗುತ್ತಿದ್ದಾಗ ತಂದದ್ದು. ಹೆಂಡತಿ ಸೊಣ್ಣಮ್ಮ ಅದಕ್ಕೊಂದು ಹೂವಿನ ಗವಸು ಹೊಲಿದು ತೊಡಿಸಿದ್ದಾರೆ. ದಿನಾ ಬೆಳಗ್ಗೆ ಕಾಫಿಯಾದ ಮೇಲೆ ಗಂಗಾಧರಯ್ಯನವರು ಗವಸು ತೆಗೆದು, ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟು, ಕನ್ನಡಕವೇರಿಸಿ, ಎರಡೇ ಬೆರಳಲ್ಲಿ ಲೋಕವ್ಯವಹಾರ ನಡೆಸುತ್ತಾರೆ. ಕರೆಂಟು, ನೀರು, ಗ್ಯಾಸು, ಕಂದಾಯ ಎಲ್ಲವೂ ವೆಬ್‌ಸೈಟಿನಲ್ಲೇ. ದೊಡ್ಡ ಪರದೆ, ದೊಡ್ಡ ಅಕ್ಷರ, ಕೇಳಿದ್ದಕ್ಕೆ ಉತ್ತರ, ಮುಗಿದ ಮೇಲೆ ಒಂದು ಪ್ರಿಂಟು. ಇದಕ್ಕಿಂತ ಹೆಚ್ಚಿನ ನಾಗರಿಕತೆ ಮನುಷ್ಯನಿಗೆ ಬೇಕಿಲ್ಲ ಎಂಬುದು ಅವರ ಅಭಿಪ್ರಾಯ.

ಫೋನಿನ ಕಥೆ ಬೇರೆ. ಕೆರೆ ಹಿಂದಿನ ಹೊಲ ಸೈಟುಗಳಾಗುವವರೆಗೂ ಗುದ್ದಲಿ ಹಿಡಿದ ಬೆರಳುಗಳು ಅವರವು. ಒಂದು ಅಕ್ಷರ ಒತ್ತಿದರೆ ಅಕ್ಕಪಕ್ಕದ ಎರಡು ಅಕ್ಷರಗಳೂ ಏಳುತ್ತಿದ್ದವು. ಹೆಬ್ಬೆಟ್ಟಿನ ಗುರುತಂತೂ ಸವೆದೇಹೋಗಿ, ಸ್ವಂತ ಫೋನು ಅವರನ್ನು ದಿನಕ್ಕೆ ನಾಲ್ಕು ಸಲ ‘ನೀವು ಯಾರು’ ಎಂದು ಕೇಳುತ್ತಿತ್ತು. ಇಂಥವರಿಗೆ ಊರಿಗೆ ಊರೇ ಸೇರಿ ಆ್ಯಪ್ ಹಾಕಿಕೊಳ್ಳಿ ಎಂದು ಗಂಟುಬಿದ್ದಿತ್ತು. ಜಯನಗರದ ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದರೆ ರಿಪೋರ್ಟು ಆ್ಯಪ್‌ನಲ್ಲಿ ಅಂದರು. “ನನ್ನ ರಕ್ತ ನಂಗೆ ತೋರ್ಸಕ್ಕೆ ನನ್ನ ಫೋನಲ್ಲಿ ನಿಮ್ಮ ಆ್ಯಪ್ ಯಾಕ್ರೀ?” ಎಂದು ಜಗಳವಾಡಿ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ತಿಳಿಯದೆಯೇ ಎದ್ದು ಬಂದಿದ್ದರು.

ಈ ಕತ್ತಲಲ್ಲಿ ಅವರಿಗಿದ್ದ ಒಂದೇ ಬೆಳಕು ಬೈರಣ್ಣನ ಮಟನ್ ಅಂಗಡಿಯ ವೆಬ್‌ಸೈಟು. ನಾಲ್ಕು ವರ್ಷದ ಹಿಂದೆ ಬೈರಣ್ಣನ ಮಗ ಸುಮನ್ ಓದುವಾಗ ಮಾಡಿದ್ದು. ಒಂದೇ ಪುಟ, ಮೂರೇ ಪ್ರಶ್ನೆ. ನಿಮ್ಮ ಹೆಸರು? ಎಷ್ಟು ಗುಡ್ಡೆ? ಎಷ್ಟು ಗಂಟೆಗೆ? ಉತ್ತರ ತುಂಬಿ ಒತ್ತಿದರೆ ‘ಆಯ್ತು ಅಣ್ಣ’ ಎಂದು ಬರುತ್ತಿತ್ತು. ಆ ‘ಆಯ್ತು ಅಣ್ಣ’ ಓದಿದಾಗಲೆಲ್ಲ ಗಂಗಾಧರಯ್ಯನವರಿಗೆ ಕಣ್ಣು ತುಂಬುತ್ತಿತ್ತು.

ಗುಡ್ಡೆ ಗೊತ್ತಿಲ್ಲದವರಿಗೆ ಎರಡು ಮಾತು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಅವತ್ತು ನಮ್ಮ ಹಳೇ ಊರುಗಳಲ್ಲಿ ಹತ್ತಾರು ಮನೆಯವರು ಸೇರಿ ಕುರಿ ಹಿಡಿಯುತ್ತಾರೆ. ಮಾಂಸವನ್ನು, ನಮ್ಮ ಮಾತಿನಲ್ಲಿ ಬಾಡನ್ನು, ಬಾಳೆ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ, ಚೀಟಿ ಎತ್ತಿ ಹಂಚಿಕೊಳ್ಳುತ್ತಾರೆ. ಇದಕ್ಕೆ ಒಂದೇ ಕಾನೂನು: ನಮ್ಮವರು ಅಂದಮೇಲೆ ಒಬ್ಬರನ್ನೂ ಬಿಡಬಾರದು. ಬಿಟ್ಟರೆ ಮೂರು ತಲೆಮಾರು ಮಾತಿಲ್ಲ.

ಈ ಕಾನೂನು ಮುರಿದರೆ ಏನಾಗುತ್ತದೆಂದು ಗಂಗಾಧರಯ್ಯನವರಿಗೆ ಚೆನ್ನಾಗಿ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ಗುಡ್ಡೆಯ ಪಟ್ಟಿ ಬರೆದವರು ಅವರೇ. ನಲವತ್ತೊಂದು ಹೆಸರು ಬರೆದರು. ಪಕ್ಕದ ಮನೆಯ ದಾಯಾದಿ ಅಣ್ಣ ಪಿಳ್ಳಪ್ಪನ ಹೆಸರನ್ನು ಮಾತ್ರ, ಪಕ್ಕದಲ್ಲೇ ಇದ್ದಾನಲ್ಲ ಆಮೇಲೆ ಬರೆದರಾಯಿತು ಎಂದು ಬಿಟ್ಟರು, ಬಿಟ್ಟದ್ದನ್ನು ಮರೆತರು. ಪಿಳ್ಳಪ್ಪ ಹಿತ್ತಾಳೆ ಪಾತ್ರೆ ಹಿಡಿದು ಕೊನೆಯ ಗುಡ್ಡೆ ಎತ್ತುವವರೆಗೂ ನಿಂತಿದ್ದ. ಆಮೇಲೆ ಖಾಲಿ ಪಾತ್ರೆ ಹಿಡಿದು ಮನೆಗೆ ಹೋದ. ಅವತ್ತಿನಿಂದ ಎರಡು ಮನೆಗಳ ನಡುವೆ ಒಂದು ಗೋಡೆ, ಗೋಡೆಯಾಚೆ ಪಿಳ್ಳಪ್ಪನ ಕರಿಬೇವಿನ ಮರ, ಮಾತು ಬಂದ್.

ಈ ವರ್ಷದ ಹೊಸತೊಡಕು ಸಾಮಾನ್ಯದ್ದಲ್ಲ. ಮಾಘದಲ್ಲಿ ಸೌಮ್ಯಳ ಮದುವೆಯಾಗಿತ್ತು. ಗಿರಿನಗರದ ಬೀಗರು ಸೋಮನಾಥ್ ರಿಟೈರ್ಡ್ ಸೂಪರಿಂಟೆಂಡೆಂಟ್; ಫೋನಿನಲ್ಲಿ ತೊಂಬತ್ತೊಂದು ಆ್ಯಪ್ ಇಟ್ಟುಕೊಂಡವರು. ಬೀಗರ ಊಟದ ದಿನ ಎಲೆ ಮುಂದೆಯೇ ಫೋನ್ ತೆಗೆದು ಒಂದೊಂದಾಗಿ ತೋರಿಸಿದ್ದರು.

“ಉಪ್ಪಿಂದ ಹಿಡ್ದು ಉಪ್ಪಿನಕಾಯಿವರ್ಗೂ ಹತ್ತು ನಿಮಿಷ ಬೀಗ್ರೇ. ನೀವಿನ್ನೂ ಕಂಪ್ಯೂಟರ್ ಮುಂದೆ ಕೂತ್ಕೋತೀರಂತಲ್ಲ?”

ಗಂಗಾಧರಯ್ಯನವರ ಮೀಸೆ ಕುಣಿಯಿತು. “ಹೊಸತೊಡಕಿಗೆ ಮನೆಮಂದಿ ಎಲ್ಲಾ ಬಂದ್ಬಿಡಿ ಬೀಗ್ರೇ. ಒಂದು ಪೇಜು, ಮೂರು ಪ್ರಶ್ನೆ, ಬಾಗ್ಲಿಗೆ ಬಾಡು. ವೆಬ್‌ಸೈಟು ಅಂದ್ರೇನು ಅಂತ ತೋರಿಸ್ತೀನಿ.”

ಮಾತು ಕೊಟ್ಟಾಗಿತ್ತು. ಮಗಳನ್ನು ಕೊಟ್ಟ ಮೊದಲ ವರ್ಷ ಹೊಸತೊಡಕಿನ ದಿನ ಬೀಗರ ಎಲೆಗೆ ತಿಳಿಸಾರು ಬಿದ್ದರೆ ಗಂಗಾಧರಯ್ಯನವರು ಗಿರಿನಗರದ ಕಡೆ ತಲೆ ಹಾಕಿ ಮಲಗುವ ಹಾಗೂ ಇರಲಿಲ್ಲ.

ಯುಗಾದಿಗೆ ಹತ್ತು ದಿನ ಇರುವಾಗ ಅವರು ಗವಸು ತೆಗೆದು, ಮಡಿಸಿಟ್ಟು, ಬೈರಣ್ಣನ ವೆಬ್‌ಸೈಟ್ ತೆರೆದರು. ಮೂರು ಪ್ರಶ್ನೆಗಳಿರಲಿಲ್ಲ. ಇಡೀ ಪರದೆಯ ತುಂಬ ನಗುತ್ತಿರುವ ಒಂದು ಕುರಿ. ಕೆಳಗೆ: ‘ನಾವು ಈಗ ಗುಡ್ಡೆ ನೌ! ಉತ್ತಮ ಅನುಭವಕ್ಕಾಗಿ ನಮ್ಮ ಆ್ಯಪ್ ಡೌನ್‌ಲೋಡ್ ಮಾಡಿ.’ ಗಂಗಾಧರಯ್ಯನವರು ಕುರಿಯ ಮೂಗಿನ ಮೇಲೆ ಒತ್ತಿದರು, ಕಿವಿಯ ಮೇಲೆ ಒತ್ತಿದರು. ಮೂಲೆಯಲ್ಲಿದ್ದ ಸಣ್ಣ ಗುಣಿಸು ಗುರುತಿನ ಮೇಲೆ ಒತ್ತಿದರು. ಕುರಿ ಹೋಗಿ ಇನ್ನೂ ದೊಡ್ಡ ಕುರಿ ಬಂತು.

“ಸೊಣ್ಣೀ, ನಮ್ಮ ವೆಬ್‌ಸೈಟು ಹೋಯ್ತು ಕಣೇ!” ಎಂದು ಅವರು ಕೂಗಿಕೊಂಡ ರೀತಿಗೆ ಸೊಣ್ಣಮ್ಮ ಒಲೆ ಆರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನ ಲೋಟ ಹಿಡಿದು ಓಡಿಬಂದರು.

“ಅಂಗ್ಡಿ ಇನ್ನೂರು ಹೆಜ್ಜೆ ದೂರ ಐತೆ. ನಡ್ಕೊಂಡು ಹೋಗಿ ಹೇಳ್ಬುಟ್ಟು ಬರ್ಬಾರ್ದಾ?”

ಈ ವಿಚಾರ ಗಂಗಾಧರಯ್ಯನವರಿಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳದೆ ಚಪ್ಪಲಿ ಮೆಟ್ಟಿ ಹೊರಟರು.

ಬೈರಣ್ಣ ಅಂಗಡಿಯಲ್ಲಿ ಕತ್ತಿ ಹಿಡಿದು ಸುಮ್ಮನೆ ನಿಂತಿದ್ದ. ಮೂವತ್ತು ವರ್ಷದಲ್ಲಿ ಬೈರಣ್ಣ ಸುಮ್ಮನೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಎದುರಿಗೆ ತಕ್ಕಡಿಯ ಪಕ್ಕ ಒಂದು ಫೋನನ್ನು ಸ್ಟ್ಯಾಂಡಿಗೆ ಒರಗಿಸಿ ನಿಲ್ಲಿಸಿದ್ದರು.

“ಬೈರಣ್ಣ, ಹೊಸತೊಡಕಿಗೆ ನಂದೊಂದು ನಾಲ್ಕು ಗುಡ್ಡೆ ಬರ್ಕೋ.”

ಬೈರಣ್ಣ ಅತ್ತಿತ್ತ ನೋಡಿ ಸಣ್ಣ ದನಿಯಲ್ಲಿ, “ಬಾಯಲ್ಲಿ ಹೇಳಿದ್ರೆ ಆಗಲ್ಲ ಗಂಗಣ್ಣ. ಅದು ಟಿಂಗ್ ಅನ್ಬೇಕು,” ಎಂದು ಫೋನಿನ ಕಡೆ ಕತ್ತಿ ತೋರಿಸಿದ. “ಅದು ಟಿಂಗ್ ಅಂದ್ರೇನೆ ನಾನು ಕಡಿಯೋದು. ನನ್ ಮಗನ ಆರ್ಡರ್ರು. ಬೆಳಗ್ಗೆಯಿಂದ ನಮ್ಮನೆಗೇ ಕಾಲ್ ಕೇಜಿ ಕೈಮಾ ತಗೊಳೋಕಾಗಿಲ್ಲ, ನಮ್ ಹೆಂಗ್ಸಿಗೆ ಆ್ಯಪ್ ಬರಲ್ಲ.”

ಒಳಗಿಂದ ಸುಮನ್ ಲ್ಯಾಪ್‌ಟಾಪ್ ಹಿಡಿದು ಬಂದ. ಅವನೂ ಅವನ ಇಬ್ಬರು ಗೆಳೆಯರೂ ಬಿಟಿಎಂ ಲೇಔಟಿನ ಒಂದು ಕೋಣೆಯಲ್ಲಿ ಆರು ತಿಂಗಳು ಕೂತು ಈ ಆ್ಯಪ್ ಹೆತ್ತಿದ್ದರು.

“ಅಲ್ಲ ಕಣಪ್ಪಾ, ಆ ವೆಬ್‌ಸೈಟು ಚೆನ್ನಾಗೇ ಇತ್ತಲ್ಲ?”

“ಅದೇ ಪ್ರಾಬ್ಲಂ ಅಂಕಲ್. ಅದು ಚೆನ್ನಾಗಿದ್ರೆ ಯಾರೂ ಆ್ಯಪ್‌ಗೆ ಬರಲ್ಲ. ಅದಕ್ಕೇ ತೆಗ್ದೆ.”

“ಜನಕ್ಕೆ ಇಷ್ಟ ಆಗಿದ್ದನ್ನ ಕಿತ್ತಾಕಿದ್ರೆ, ಇಷ್ಟ ಇಲ್ಲದ್ದನ್ನ ಹುಡುಕ್ಕೊಂಡು ಬರ್ತಾರೆ ಅಂತ ಯಾವ ಸ್ಕೂಲಲ್ಲಿ ಹೇಳ್ಕೊಟ್ರೋ?”

“ಕೋರ್ಸ್ ಮಾಡಿದೀನಿ ಅಂಕಲ್,” ಎಂದ ಸುಮನ್ ಹೆಮ್ಮೆಯಿಂದ.

ಅವತ್ತು ಸಂಜೆ ಗಂಡಹೆಂಡತಿ ಸೋಫಾದ ಮೇಲೆ ಫೋನನ್ನು ನಡುವೆ ಇಟ್ಟುಕೊಂಡು ಕೂತರು. ಆ್ಯಪ್ ಇಳಿಯಿತು. ಇಳಿದದ್ದೇ ತಡ, ಬೇಡಲು ಶುರುಮಾಡಿತು.

“ಲೊಕೇಶನ್ ಬೇಕಂತೆ.”

“ಕೊಡಿ. ಮನೆ ಎಲ್ಲೈತೆ ಅಂತ ಗೊತ್ತಾಗ್ಬೇಕಲ್ಲ.”

“ಕ್ಯಾಮೆರಾ ಬೇಕಂತೆ.”

“ನಾವು ಕುರಿನ ನೋಡ್ಬೇಕೋ, ಕುರಿ ನಮ್ಮನ್ನ ನೋಡ್ಬೇಕೋ?”

“ಮೈಕ್ ಬೇಕಂತೆ. ನಾವು ಮಾತಾಡೋದನ್ನ ಕೇಳಿಸ್ಕೊಳ್ಳುತ್ತಂತೆ.”

“ನಲ್ವತ್ತು ವರ್ಷದಿಂದ ನಾನೊಬ್ಬಳೇ ಕೇಳ್ತಾ ಇವ್ನಿ. ಅದೂ ವಸಿ ಕೇಳ್ಲಿ, ಕೊಡಿ.”

ಆಮೇಲೆ ಹುಟ್ಟಿದ ವರ್ಷ ಕೇಳಿತು. ಅದೊಂದು ತಿರುಗುವ ಪಟ್ಟಿ. ಗಂಗಾಧರಯ್ಯನವರು ಈ ವರ್ಷದಿಂದ ಹಿಂದಕ್ಕೆ ತಳ್ಳುತ್ತಾ ತಳ್ಳುತ್ತಾ ಸಾವಿರದ ಒಂಬೈನೂರ ತೊಂಬತ್ಮೂರಕ್ಕೆ ಬರುವ ಹೊತ್ತಿಗೆ ಹೆಬ್ಬೆರಳು ಸೋತುಹೋಯಿತು. “ಇಷ್ಟು ಸಾಕು,” ಎಂದು ಅಲ್ಲೇ ನಿಲ್ಲಿಸಿ, ಆ್ಯಪ್ ಲೆಕ್ಕದಲ್ಲಿ ಮಗಳಿಗಿಂತ ಎರಡೇ ವರ್ಷ ದೊಡ್ಡವರಾದರು.

ಕೊನೆಗೆ ಬಂತು ನಿಜವಾದ ಪ್ರಶ್ನೆ. ‘ನಿಮ್ಮ ಗುಡ್ಡೆಗೆ ಯಾರು ಯಾರನ್ನು ಸೇರಿಸುತ್ತೀರಿ?’ ಕೆಳಗೆ ಅವರ ಫೋನಿನಲ್ಲಿದ್ದ ಹೆಸರುಗಳೆಲ್ಲ ಸಾಲಾಗಿ ನಿಂತವು, ಪ್ರತಿ ಹೆಸರಿನ ಪಕ್ಕ ಒಂದು ಖಾಲಿ ಚೌಕ. ಎಲ್ಲಕ್ಕೂ ಮೇಲೆ ಒಂದು ಚೌಕ: ‘ಎಲ್ಲರನ್ನೂ.’

ಗಂಗಾಧರಯ್ಯನವರ ಬೆರಳು ಗಾಳಿಯಲ್ಲಿ ನಿಂತಿತು. ಇದೇನು ಹುಡುಗಾಟದ ಪ್ರಶ್ನೆಯೇ? ಗುಡ್ಡೆಗೆ ಯಾರನ್ನು ಸೇರಿಸುತ್ತೀರಿ ಎಂದು ಕೇಳಿದಾಗ ಒಬ್ಬರ ಹೆಸರನ್ನು ಬಿಡುವುದೆಂದರೇನು ಎಂದು ಈ ಭೂಮಿಯ ಮೇಲೆ ಅವರಿಗಿಂತ ಚೆನ್ನಾಗಿ ತಿಳಿದವರಿಲ್ಲ. ಹೆಸರುಗಳು ಸರಿಯುತ್ತಿದ್ದವು. ‘ಪಿ’ ಅಕ್ಷರದಲ್ಲಿ ‘ಪಿಳ್ಳಣ್ಣ’ ಎಂದು ಕಾಣಿಸಿತು. ಒಂಬತ್ತು ವರ್ಷದಿಂದ ಒತ್ತದಿದ್ದರೂ ಅಳಿಸದೆ ಇಟ್ಟುಕೊಂಡಿದ್ದ ನಂಬರು.

“ಯಾರನ್ನೂ ಬಿಡೋದು ಬೇಡ ಕಣೇ,” ಎಂದರು. ಮೇಲಿನ ಚೌಕ ಒತ್ತಿದರು.

ಪರದೆಯ ಮೇಲೆ ಬಣ್ಣದ ಕಾಗದ ಹಾರಿತು. ‘ಅಭಿನಂದನೆಗಳು! ನಿಮ್ಮ ಗುಡ್ಡೆಯಲ್ಲಿ ೩೪೭ ಜನರಿದ್ದಾರೆ!’ ಗಂಗಾಧರಯ್ಯನವರು ಆ್ಯಪ್ ತಮ್ಮನ್ನು ಮನಸಾರೆ ಹೊಗಳುತ್ತಿದೆ ಎಂದುಕೊಂಡು ಫೋನಿಗೆ ಒಂದು ನಮಸ್ಕಾರ ಹಾಕಿ, ಮಲಗಿ ನಿದ್ದೆಹೋದರು.

ಮಾರನೆಯ ಬೆಳಗ್ಗೆ ಮೊದಲು ಬಂದವರು ಮಹಡಿ ಮನೆಯ ಬಾಡಿಗೆದಾರರಾದ ಸಂಗೀತದ ಟೀಚರ್ ಸುಧಾಮಣಿ ಮೇಡಂ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ.

“ಓನರ್ ಸಾರ್, ನಿಮ್ಮ ಮೆಸೇಜ್ ಬಂತು. ‘ಗಂಗಾಧರಯ್ಯನವರು ನಿಮ್ಮನ್ನು ತಮ್ಮ ಗುಡ್ಡೆಗೆ ಸೇರಿಸಿದ್ದಾರೆ. ಹೊಸತೊಡಕಿನ ದಿನ ಬೆಳಗ್ಗೆ ಏಳಕ್ಕೆ ಅವರ ಮನೆಗೆ ಪಾತ್ರೆ ತೆಗೆದುಕೊಂಡು ಬನ್ನಿ.’ ನಾನು ತಿನ್ನಲ್ಲ ಸಾರ್. ಆದ್ರೆ ಹನ್ನೊಂದು ವರ್ಷದಿಂದ ಬಾಡಿಗೆಗಿದೀನಿ, ನಮ್ಮವರು ಅಂತ ಯಾರೂ ಹೀಗೆ ಸೇರಿಸ್ಕೊಂಡಿರ್ಲಿಲ್ಲ. ಪಾತ್ರೆ ತರ್ತೀನಿ,” ಎಂದು ಕಣ್ಣೊರೆಸಿಕೊಂಡು ಹೋದರು.

ಗಂಗಾಧರಯ್ಯನವರು ಫೋನು ಹುಡುಕಿಕೊಂಡು ಒಳಗೆ ಹೊರಟರು. ಹೊಸ್ತಿಲು ದಾಟುವುದರೊಳಗೆ ಗೇಟಿನಾಚೆ ಲೈನ್‌ಮನ್ ಬೈಕ್ ನಿಲ್ಲಿಸಿದ.

“ಅಣ್ಣ, ಸಖತ್! ಯಾವ ಪಾರ್ಟಿ?”

“ಯಾವ ಪಾರ್ಟಿ ಎಂಥದ್ದೋ?”

“ಮುನ್ನೂರ ನಲ್ವತ್ತೇಳು ಜನಕ್ಕೆ ಬಾಡು ಹಂಚ್ತಾ ಇದೀರ. ವಾರ್ಡ್ ಎಲೆಕ್ಷನ್ ಅಲ್ದೆ ಇನ್ನೇನು? ನಮ್ ಮನೇಲಿ ಐದು ಓಟು ಐತೆ, ನಿಮ್ಗೇ.”

ಮಧ್ಯಾಹ್ನದ ಹೊತ್ತಿಗೆ ಗಂಗಾಧರಯ್ಯನವರು ಚುನಾವಣೆಗೆ ನಿಂತಾಗಿತ್ತು. ಸಂಜೆಗೆ ಗೆಲ್ಲುವುದೂ ಖಚಿತವಾಗಿತ್ತು. ಗ್ಯಾಸ್ ಸಿಲಿಂಡರಿನವನು ಸಿಲಿಂಡರ್ ಇಳಿಸಿ ಕಾಲಿಗೆ ಬಿದ್ದು ಹೋದ. ‘ಪ್ಲಂಬರ್ ೨’ ಎಂದು ಫೋನಿನಲ್ಲಿದ್ದ ಮನುಷ್ಯ ತನ್ನನ್ನೂ ಒಬ್ಬ ಮನುಷ್ಯನೆಂದು ಎಣಿಸಿದ್ದಕ್ಕಾಗಿ ಸೋರುತ್ತಿದ್ದ ನಲ್ಲಿಯನ್ನು ಪುಕ್ಕಟೆ ರಿಪೇರಿ ಮಾಡಿಕೊಟ್ಟ. ಅದೇ ನಲ್ಲಿಗಾಗಿ ಅವನನ್ನು ಎಂಟು ತಿಂಗಳಿಂದ ಕರೆಯುತ್ತಿದ್ದರು.

ಮೂರನೆಯ ದಿನ ಬಂದವರು ಹೆಲ್ತ್ ಇನ್‌ಸ್ಪೆಕ್ಟರ್ ದೇವದಾಸ್. ಜಗಲಿಯಲ್ಲಿ ಕೂತು, ಫೈಲು ತೆಗೆದು, ಪೆನ್ನು ಬಿಚ್ಚಿ ಗಂಭೀರವಾಗಿ ಕೇಳಿದರು.

“ಗಂಗಾಧರಯ್ಯೋರೇ, ಇನ್‌ಸ್ಪೆಕ್ಟರ್ ಆಗಿ ಕೇಳ್ತಾ ಇದೀನಿ. ಇಷ್ಟು ಜನ ಸೇರ್ಸೋಕೆ ಪರ್ಮಿಷನ್ ಇದ್ಯಾ?”

“ಇಲ್ಲ ಸ್ವಾಮಿ.”

ದೇವದಾಸ್ ಫೈಲು ಮುಚ್ಚಿ, ಪೆನ್ನು ಜೇಬಿಗಿಟ್ಟುಕೊಂಡರು. “ಈಗ ಮನುಷ್ಯನಾಗಿ ಕೇಳ್ತೀನಿ. ನನ್ನೂ ಸೇರ್ಸಿದೀರಲ್ಲ, ಏಳಕ್ಕೇ ಬರ್ಬೇಕೋ, ಎಂಟಕ್ಕೆ ಬಂದ್ರೆ ನಡಿಯುತ್ತೋ? ಕಡ್ಯೋದು ಮಾತ್ರ ಬೈರಣ್ಣನ ಅಂಗ್ಡೀಲೇ ಕಡಿಸಿ.”

ಅವರು ಹೋದ ಮೇಲೆ ಗಂಗಾಧರಯ್ಯನವರು ಜಗಲಿಯ ಕಂಬಕ್ಕೊರಗಿ ಕೂತು ಬೆರಳಲ್ಲಿ ಕುರಿಗಳ ಲೆಕ್ಕ ಹಾಕತೊಡಗಿದರು. ಸೊಣ್ಣಮ್ಮ ಗಂಡನ ಮುಖ ನೋಡಿದರು, ಬೀದಿ ನೋಡಿದರು, ಪಕ್ಕದ ಗೋಡೆ ನೋಡಿದರು.

“ಕರಿಬೇವು ಮುಗ್ದೈತೆ. ಕಿತ್ಕೊಂಡು ಬರ್ತೀನಿ,” ಎಂದು ಹೋದವರು ಒಂದು ಗಂಟೆಯಾದ ಮೇಲೆ ಒಂದೇ ಒಂದು ಎಸಳು ಹಿಡಿದು ಬಂದರು. ಗಂಗಾಧರಯ್ಯನವರಿಗೆ ಇದನ್ನೆಲ್ಲ ಗಮನಿಸುವಷ್ಟು ಮನಸ್ಸು ನೆಟ್ಟಗಿರಲಿಲ್ಲ.

ಅವರು ಕ್ಯಾನ್ಸಲ್ ಮಾಡಲು ಹೊರಟಿದ್ದರು. ವೆಬ್‌ಸೈಟಿಗೆ ಹೋದರೆ ಕುರಿ ನಕ್ಕು ಆ್ಯಪ್‌ಗೆ ಹೋಗಿ ಎಂದಿತು. ಆ್ಯಪ್‌ಗೆ ಹೋದರೆ ಮೊದಲು ಅಪ್‌ಡೇಟ್ ಮಾಡಿ ಎಂದಿತು. ಅಪ್‌ಡೇಟ್ ಮಾಡಹೋದರೆ ನಿಮ್ಮ ಫೋನ್ ಹಳೆಯದು ಎಂದಿತು. ಸಹಾಯಕ್ಕೆಂದು ಇದ್ದ ನಂಬರಿಗೆ ಫೋನ್ ಮಾಡಿದರೆ, ಒಂದು ಹೆಣ್ಣು ದನಿ ಬಹಳ ಪ್ರೀತಿಯಿಂದ, ಹೆಚ್ಚಿನ ಸಹಾಯಕ್ಕಾಗಿ ಆ್ಯಪ್ ನೋಡಿ ಎಂದಿತು. ಕೊನೆಗೆ ಸುಮನ್‌ನ ಬಳಿಗೇ ಹೋಗಿ ಕೈಮುಗಿದರು.

“ಕ್ಯಾನ್ಸಲ್ ಆಪ್ಷನ್ ನೆಕ್ಸ್ಟ್ ವರ್ಷನ್‌ನಲ್ಲಿ ಬರುತ್ತೆ ಅಂಕಲ್.”

“ಅದ್ಯಾವಾಗಪ್ಪಾ?”

“ದೀಪಾವಳಿಗೆ. ಆದ್ರೆ ಅಂಕಲ್, ಸೌತ್ ಬೆಂಗ್ಳೂರಿಗೇ ನೀವು ನಮ್ಮ ನಂಬರ್ ಒನ್ ಕಸ್ಟಮರ್. ನಿಮ್ ಫೋಟೋ ಹಾಕ್ಬಹುದಾ?”

ಯುಗಾದಿಯ ದಿನ ಬೇವುಬೆಲ್ಲದಲ್ಲಿ ಗಂಗಾಧರಯ್ಯನವರ ಪಾಲಿಗೆ ಬರೀ ಬೇವೇ ಸಿಕ್ಕಿತು.

ಹೊಸತೊಡಕಿನ ಬೆಳಗ್ಗೆ ಆರೂವರೆಗೇ ಬೀಗರ ಕಾರು ಬಂತು. ಸೋಮನಾಥ್, ಅವರ ಹೆಂಡತಿ, ಅಳಿಯ ಮೋಹಿತ್, ಸೌಮ್ಯ ಇಳಿದರು. ಏಳಕ್ಕೆ ಗೇಟಿನ ಮುಂದೆ ಪಾತ್ರೆಗಳ ಸದ್ದು ಶುರುವಾಯಿತು. ಸ್ಟೀಲ್ ಬಕೆಟ್ಟು, ಕುಕ್ಕರಿನ ತಳ, ಟಿಫನ್ ಕ್ಯಾರಿಯರ್, ಲೈನ್‌ಮನ್‌ನ ಕೈಯಲ್ಲಿ ಐದು ಓಟಿಗೆ ತಕ್ಕ ಒಂದು ದೊಡ್ಡ ಡಬರಿ. ಗಂಗಾಧರಯ್ಯನವರು ಕಿಟಕಿಯಿಂದ ಎಣಿಸಿದರು. ಐವತ್ತೆರಡು ಜನ. ಉಳಿದ ಇನ್ನೂರ ತೊಂಬತ್ತೈದು ಮಂದಿ ಬಂದಿರಲಿಲ್ಲ. ಹೆಚ್ಚಿನವರು ಬರುವುದೂ ಇಲ್ಲ ಎಂದು ಆಮೇಲೆ ತಿಳಿಯಿತು. ಅವರೆಲ್ಲ ದಿನಕ್ಕೆ ನೂರು ಆ್ಯಪ್‌ಗಳ ಟಿಂಗ್ ಕೇಳಿ ಕೇಳಿ ರೋಸಿಹೋಗಿ, ಬರುವ ಮೆಸೇಜುಗಳನ್ನೆಲ್ಲ ಓದದೆ ಗುಡಿಸಿ ಹಾಕುವವರಾಗಿದ್ದರು. ಆ್ಯಪ್‌ಗಳ ಕಾಟದಿಂದ ಗಂಗಾಧರಯ್ಯನವರಿಗೆ ಆದ ಮೊದಲನೆಯ ಉಪಕಾರ ಇದು.

ಐವತ್ತೆರಡು ಪಾತ್ರೆಯೂ ಕಡಿಮೆಯೇನಲ್ಲ. ಅವರು ಫೋನ್ ತೆರೆದರು. ಕುರಿ ನಗುತ್ತಿರಲಿಲ್ಲ. ‘ಅಯ್ಯೋ! ಏನೋ ತಪ್ಪಾಗಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.’ ಹೊಸತೊಡಕಿನ ಬೆಳಗ್ಗೆ ಇಡೀ ದಕ್ಷಿಣ ಬೆಂಗಳೂರು ಒಟ್ಟಿಗೆ ಒತ್ತಿದ ಹೊಡೆತಕ್ಕೆ ಬಿಟಿಎಂ ಲೇಔಟಿನ ಕೋಣೆ ಅಂಗಾತ ಬಿದ್ದಿತ್ತು. ಅಂಗಡಿಯಲ್ಲಿ ಬೈರಣ್ಣ ಆರು ಕುರಿ ಕಟ್ಟಿಕೊಂಡು ಟಿಂಗ್‌ಗಾಗಿ ಕಾಯುತ್ತಿದ್ದಾನೆ, ಸುಮನ್ ಲ್ಯಾಪ್‌ಟಾಪ್ ಮುಂದೆ ಕೂತು ಅಳುತ್ತಿದ್ದಾನೆ ಎಂದು ಪ್ಲಂಬರ್ ೨ ಸುದ್ದಿ ತಂದ.

ಸೋಮನಾಥ್ ಎದ್ದು ನಿಂತರು. “ಇಷ್ಟೇನಾ ಬೀಗ್ರೇ? ಇಲ್ಲಿ ಕೊಡಿ. ನನ್ನ ಹತ್ರ ಬಾಡು ತರ್ಸೋಕೇ ನಾಲ್ಕು ಆ್ಯಪ್ ಇವೆ. ಹತ್ತು ನಿಮಿಷ.” ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒತ್ತತೊಡಗಿದರು. “ಓಟಿಪಿ ಬರ್ತಾ ಇದೆ,” ಎಂದರು.

ಬರಲಿಲ್ಲ. ಗೇಟಿನಾಚೆ ಗುಸುಗುಸು ಎದ್ದಿತು. ಗಂಗಾಧರಯ್ಯನವರು ಬೀಗರ ಬೆನ್ನು ನೋಡಿದರು, ಜನರ ಪಾತ್ರೆ ನೋಡಿದರು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ ಎನ್ನಿಸಿ ಮೆಟ್ಟಿಲ ಮೇಲೆ ನಿಂತು ಹೇಳಿಬಿಟ್ಟರು.

“ನೋಡ್ರಪ್ಪಾ, ನಾನು ಎಲೆಕ್ಷನ್ನಿಗೂ ನಿಂತಿಲ್ಲ, ಏನೂ ಇಲ್ಲ. ಯಾರ್ಯಾರನ್ನ ಸೇರಿಸ್ತೀಯ ಅಂತ ಅದು ಕೇಳ್ತು. ಯಾರನ್ನ ಬಿಡೋದು? ಎಲ್ರನ್ನೂ ಒತ್ತಿದೆ. ಈಗ ಬಾಡಿಲ್ಲ. ತಪ್ಪಾಯ್ತು.”

ಡಬರಿ ಹಿಡಿದಿದ್ದ ಲೈನ್‌ಮನ್ ಅದನ್ನು ಬೆನ್ನ ಹಿಂದೆ ಮರೆಮಾಡಿದ. ಅಷ್ಟರಲ್ಲಿ ಗೇಟು ಕಿರ್ರೆಂದಿತು. ಹಿಂದಿದ್ದವರು ದಾರಿ ಬಿಟ್ಟರು.

ಪಿಳ್ಳಪ್ಪ ಬಂದಿದ್ದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್ಲು, ಎಡಗೈಯಲ್ಲಿ ಎರಡು ಕುರಿಗಳ ಹಗ್ಗ, ಬಲಗೈಯಲ್ಲಿ ಒಂಬತ್ತು ವರ್ಷದ ಹಿಂದಿನ ಅದೇ ಹಿತ್ತಾಳೆ ಪಾತ್ರೆ.

“ಪಾತ್ರೆ ತಂದಿವ್ನಿ ಕಣೋ ಗಂಗ,” ಎಂದ. “ಈ ಸಲನಾದ್ರೂ ತುಂಬ್ಸಿ ಕಳಿಸ್ತೀಯೋ?”

“ಅಣ್ಣಾ,” ಎಂದರು ಗಂಗಾಧರಯ್ಯನವರು. ಪಿಳ್ಳಪ್ಪ ಅದನ್ನು ಉತ್ತರವೆಂದು ತಿಳಿದು ಕುರಿಗಳನ್ನು ಎಳೆದುಕೊಂಡು ನೇರ ಅಂಗಡಿಯ ಕಡೆ ತಿರುಗಿದ. ಹಿಂದೆ ಐವತ್ತೆರಡು ಪಾತ್ರೆಗಳ ಮೆರವಣಿಗೆ ಹೊರಟಿತು.

“ಏನೋ ಬೈರ, ಕತ್ತಿ ತುಕ್ಕು ಹಿಡೀತಾ?”

“ಟಿಂಗ್ ಅಂದಿಲ್ಲ ಪಿಳ್ಳಣ್ಣ.”

ಪಿಳ್ಳಪ್ಪ ಹಿತ್ತಾಳೆ ಪಾತ್ರೆಯನ್ನು ತಕ್ಕಡಿಗೆ ಕುಟ್ಟಿದ. ಟಿಂಗ್ ಎಂದಿತು. ಬೈರಣ್ಣನ ಮುಖ ಹತ್ತು ದಿನದ ಮೇಲೆ ಅರಳಿತು. ಫೋನನ್ನು ಸ್ಟ್ಯಾಂಡಿನಿಂದ ಕಿತ್ತು, ಆರಿಸಿ, ಮಗನ ಕೈಗೆ ಕೊಟ್ಟ. “ನೀನು ಚೀಟಿ ಬರಿ ಹೋಗು,” ಎಂದ.

ಎಂಟೂವರೆಗೆ ಗಂಗಾಧರಯ್ಯನವರ ಕಾರ್ ಶೆಡ್ಡಿನಲ್ಲಿ ಬಾಳೆ ಎಲೆಗಳ ಮೇಲೆ ಗುಡ್ಡೆ ಬಿದ್ದವು. ಪಿಳ್ಳಪ್ಪನ ಎರಡು ಕುರಿ, ಬೈರಣ್ಣನ ಕಡೆಯ ನಾಲ್ಕು. ಪ್ರತಿ ಗುಡ್ಡೆಗೂ ಸಮನಾಗಿ ಮೂಳೆ, ಮೆತ್ತನೆಯದು, ಒಂದು ಚೂರು ಈಲಿ, ಅಂದರೆ ಲಿವರ್. ಒಂದು ಎಲೆಯ ಮೇಲೆ ಮಾತ್ರ ಬದನೆಕಾಯಿ, ಆಲೂಗಡ್ಡೆ, ನುಗ್ಗೆಕಾಯಿಗಳನ್ನು ಅದೇ ಶಿಸ್ತಿನಿಂದ ಗುಡ್ಡೆ ಹಾಕಿದ್ದರು. ಅದು ಸುಧಾಮಣಿ ಮೇಡಂ ಅವರದು. ಗಂಗಾಧರಯ್ಯನವರು ತಮ್ಮ ಫೋನನ್ನು ಸುಮನ್ ಕೈಗೆ ಕೊಟ್ಟು, ಪಾತ್ರೆ ತಂದವರ ಹೆಸರನ್ನೆಲ್ಲ ಅದರಲ್ಲಿ ನೋಡಿ ಬರೆಸಿದರು. ಒಂದು ಸಲ ಓದಿಸಿದರು. ಎರಡನೆಯ ಸಲ ಓದಿಸಿದರು. ಮೂರನೆಯ ಸಲ ‘ಪಿಳ್ಳಣ್ಣ’ ಎಂದು ಎರಡು ಬಾರಿ ಓದಿಸಿದರು. ಈ ಸಲ ಒಬ್ಬರೂ ಬಿಟ್ಟುಹೋಗಿಲ್ಲ ಎಂದು ಗ್ಯಾರಂಟಿಯಾದ ಮೇಲೇ ಚೀಟಿಯ ಡಬ್ಬಿ ಅಲ್ಲಾಡಿಸಿದರು.

ಒಂದೊಂದೇ ಚೀಟಿ, ಒಂದೊಂದೇ ಪಾತ್ರೆ. ಜನ ನಗುತ್ತಾ ಹೊರಟರು. ಇನ್‌ಸ್ಪೆಕ್ಟರ್ ದೇವದಾಸ್ ಮನುಷ್ಯನಾಗಿ ಬಂದು ಮನುಷ್ಯನಾಗಿಯೇ ಹೋದರು. ಶೆಡ್ಡು ಖಾಲಿಯಾಯಿತು. ಸೊಣ್ಣಮ್ಮ ಮಸಾಲೆ ರುಬ್ಬಿ, ದೊಡ್ಡ ಪಾತ್ರೆ ತಂದು ಗಂಡನ ಕೈಗೆ ಕೊಟ್ಟರು.

“ನಮ್ದು?”

ಗಂಗಾಧರಯ್ಯನವರು ಎಲೆಗಳನ್ನು ನೋಡಿದರು. ಐವತ್ಮೂರು ಎಲೆ, ಐವತ್ಮೂರೂ ಖಾಲಿ. ಡಬ್ಬಿಯೊಳಗೆ ಕೈ ಹಾಕಿ ತಡಕಿದರು. ಮುನ್ನೂರ ನಲವತ್ತೇಳು ಹೆಸರಿದ್ದ ಆ ಫೋನಿನಲ್ಲಿ ಅವರದೇ ಹೆಸರಿರಲಿಲ್ಲ. ತಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಯಾರು ಬರೆದಿಟ್ಟುಕೊಳ್ಳುತ್ತಾರೆ?

ಬೀಗರು ಜಗಲಿಯಲ್ಲಿ, ಮಸಾಲೆ ಒಲೆಯ ಪಕ್ಕ, ಪಾತ್ರೆ ಕೈಯಲ್ಲಿ, ಪಾತ್ರೆಯಲ್ಲಿ ಏನೂ ಇಲ್ಲ. ಒಂಬತ್ತು ವರ್ಷದ ಹಿಂದೆ ಪಿಳ್ಳಪ್ಪ ನಿಂತಿದ್ದ ಜಾಗದಲ್ಲೇ ಅವರು ನಿಂತಿದ್ದರು. ಹೇಗಿರುತ್ತದೆ ಎಂದು ಈಗ ಗೊತ್ತಾಯಿತು.

ಗೇಟಿನವರೆಗೆ ಹೋಗಿದ್ದ ಪಿಳ್ಳಪ್ಪ ತಿರುಗಿ ನೋಡಿದ. ಖಾಲಿ ಪಾತ್ರೆ ಹಿಡಿದು ನಿಂತವನ ಲಕ್ಷಣ ಅವನಿಗೆ ಯಾರೂ ವಿವರಿಸಬೇಕಿರಲಿಲ್ಲ. ಹಿಂದಕ್ಕೆ ಬಂದು, ಹಿತ್ತಾಳೆ ಪಾತ್ರೆಯಲ್ಲಿದ್ದದ್ದನ್ನೆಲ್ಲ ಗಂಗಾಧರಯ್ಯನವರ ಪಾತ್ರೆಗೆ ಬಗ್ಗಿಸಿದ. ಇನ್ನೊಂದು ಚೂರು ತಳದಲ್ಲಿ ಅಂಟಿಕೊಂಡಿತ್ತು, ಅದನ್ನೂ ತಟ್ಟಿ ಹಾಕಿದ.

“ಒಂದೇ ಒಲೆ ಹಚ್ಚಮ್ಮ ಸೊಣ್ಣಮ್ಮ,” ಎಂದ. “ನಮ್ಮವಳೂ ಬರ್ತಾಳೆ. ಸಾಲ್ದೆ ಬಂದ್ರೆ ಬೈರನ ಹತ್ರ ಇನ್ನೆರಡು ಕುರಿ ಅವೆ.”

ಗಂಗಾಧರಯ್ಯನವರು ಪಾತ್ರೆಯನ್ನು ಹೆಂಡತಿಗೆ ಕೊಟ್ಟು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರು. ಆ ಟವೆಲ್ಲು ಪಿಳ್ಳಪ್ಪನದಾಗಿತ್ತು. ಪಿಳ್ಳಪ್ಪ ಬೇಡ ಎನ್ನಲಿಲ್ಲ.

ಮಧ್ಯಾಹ್ನ ಎಲೆ ಬಿತ್ತು. ಮುದ್ದೆ, ಸಾರು, ಚಾಪ್ಸು, ಬಿಸಿ ಅನ್ನ. ಸೋಮನಾಥ್ ಎಡಗೈಯಲ್ಲಿ ಫೋನ್ ಹಿಡಿದುಕೊಂಡೇ ಮೂರು ಮುದ್ದೆ ಮುಗಿಸಿದರು. ನಾಲ್ಕನೆಯದಕ್ಕೆ ಬೇಡ ಎನ್ನುವ ಹೊತ್ತಿಗೆ ಫೋನು ಮಿಣುಕಿತು.

“ಬಂತು ಬೀಗ್ರೇ! ಓಟಿಪಿ ಬಂತು!”

“ಮಡಗಿ ಬೀಗ್ರೇ, ಮುಂದಿನ ವರ್ಷಕ್ಕಾಯ್ತದೆ,” ಎಂದ ಪಿಳ್ಳಪ್ಪ. ಎಲ್ಲರಿಗಿಂತ ಜೋರಾಗಿ ನಕ್ಕವರು ಸೋಮನಾಥ್ ಅವರೇ. “ವೆಬ್‌ಸೈಟು ಚೆನ್ನಾಗಿದೆ ಬೀಗ್ರೇ,” ಎಂದು ಗಂಗಾಧರಯ್ಯನವರ ಕಡೆ ತಿರುಗಿ ಹೇಳಿ ಚಾಪ್ಸಿಗೆ ಕೈ ಹಾಕಿದರು. ಗಂಗಾಧರಯ್ಯನವರಿಗೆ ಹತ್ತು ದಿನದಿಂದ ಎದೆಯ ಮೇಲೆ ಕೂತಿದ್ದ ಕುರಿ ಎದ್ದುಹೋದ ಹಾಗಾಯಿತು.

ಬೀಗರ ಕಾರು ಹೊರಟ ಮೇಲೆ ಅವರು ಜಗಲಿಯಲ್ಲಿ ಕಾಲು ಚಾಚಿ ಕೂತರು. “ಏನೇ ಆಗ್ಲಿ ಕಣೇ, ಆ ಆ್ಯಪ್ಪಿಗೆ ಒಂದು ದೊಡ್ಡ ನಮಸ್ಕಾರ ಹಾಕ್ಬೇಕು. ಅದು ಮೆಸೇಜ್ ಕಳಿಸ್ದೆ ಇದ್ದಿದ್ರೆ ಪಿಳ್ಳಣ್ಣ ಈ ಜನ್ಮದಲ್ಲಿ ನಮ್ ಗೇಟ್ ತೆಗೀತಿರ್ಲಿಲ್ಲ.”

ಸೊಣ್ಣಮ್ಮ ಎಲೆ ಅಡಿಕೆ ಮಡಿಸುತ್ತಿದ್ದವರು ಗಂಡನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು.

“ಭಾವನ ಹತ್ರ ಇರೋದು ಬಟನ್ ಫೋನು. ಅದ್ರಲ್ಲಿ ಯಾವ ಆ್ಯಪ್ ಬಂದಾತು? ನಿಮ್ಮ ಹತ್ರ ಇರೋ ನಂಬ್ರೂ ಹಳೇದು.”

“ಮತ್ತೆ?”

“ಮತ್ತೇನು ಮತ್ತೆ. ಕರಿಬೇವು ಕೀಳಕ್ಕೆ ಯಾರಿಗಾದ್ರೂ ಒಂದು ಗಂಟೆ ಬೇಕಾ? ಹೋಗಿ ಬಾಗ್ಲು ತಟ್ಟಿದೆ. ‘ಭಾವ, ನಿಮ್ ತಮ್ಮ ಊರೆಲ್ಲಾ ಕರ್ದು ಕೂತವ್ರೆ, ಅಷ್ಟು ಜನಕ್ಕೆ ಬಾಡು ಸಾಲಲ್ಲ, ಬೀಗ್ರು ಬರ್ತಾರೆ, ಮಾನ ಹೋಯ್ತದೆ’ ಅಂದೆ. ‘ನನ್ನ ಹೆಸ್ರು ಬರ್ದವ್ನಾ?’ ಅಂತ ಕೇಳುದ್ರು. ‘ಬರ್ದವ್ರೆ’ ಅಂದೆ. ಅಷ್ಟೊತ್ತೂ ಅತ್ರು ಕಣ್ರೀ, ಪಾಪ. ಆಮೇಲೆ ಬೇಗೂರಿಗೆ ಹೋಗಿ ಎರಡು ಕುರಿ ಹಿಡ್ಕೊಂಡ್ ಬಂದ್ರು.”

ಗಂಗಾಧರಯ್ಯನವರು ಫೋನ್ ತೆಗೆದು ನಗುವ ಕುರಿಯ ಮೇಲೆ ಬೆರಳು ಒತ್ತಿ ಹಿಡಿದರು. ‘ತೆಗೆದುಹಾಕುವುದು ಖಚಿತವೇ?’ ಎಂದಿತು. ಆ ದಪ್ಪ ಹೆಬ್ಬೆರಳು ಬದುಕಿನಲ್ಲಿ ಮೊದಲ ಸಲ ಸರಿಯಾದ ಜಾಗದಲ್ಲಿ ಬಿತ್ತು.

ಸಂಜೆ ಸುಮನ್ ಬಂದು, ತಲೆ ತಗ್ಗಿಸಿಕೊಂಡು, ಹಳೆಯ ವೆಬ್‌ಸೈಟನ್ನು ವಾಪಸು ಹಾಕಿದ್ದೇನೆ ಎಂದು ಹೇಳಿ ಹೋದ. ಗಂಗಾಧರಯ್ಯನವರು ಕಂಪ್ಯೂಟರಿನ ಗವಸು ತೆಗೆದು ನೋಡಿದರು. ಒಂದು ಪುಟ, ಮೂರು ಪ್ರಶ್ನೆ. ಎಷ್ಟು ಚೆಂದ ಇತ್ತೆಂದರೆ, ಏನನ್ನೂ ತುಂಬದೆ ಸುಮ್ಮನೆ ನೋಡುತ್ತಾ ಕೂತರು.

ಒಳಗಿಂದ ಸೊಣ್ಣಮ್ಮ ಕೂಗಿದರು. “ರೀ, ರಾತ್ರಿ ಒಗ್ಗರಣೆಗೆ ಕರಿಬೇವಿಲ್ಲ. ತಗೊಂಡ್ ಬನ್ನಿ. ಗೋಡೆ ಹತ್ರ ನಿಂತ್ಕೊಂಡು ಕೈ ಚಾಚ್ಬೇಡಿ, ಗೇಟಲ್ಲಿ ಹೋಗಿ.”

ಗಂಗಾಧರಯ್ಯನವರು ಕಂಪ್ಯೂಟರಿಗೆ ಗವಸು ಹಾಕಿ, ಚಪ್ಪಲಿ ಮೆಟ್ಟಿ, ಹನ್ನೆರಡು ಹೆಜ್ಜೆ ನಡೆದು ಪಿಳ್ಳಪ್ಪನ ಬಾಗಿಲು ತಟ್ಟಿದರು.